ಭಾನುವಾರ ಉಪವಾಸವಿಲ್ಲ

ಪಂಪ್‌ವೆಲ್, ಮಂಗಳೂರು
30 ಮಾರ್ಚ್ 2025, ಭಾನುವಾರ ಸಂಜೆ

ಜೆರೋಮ್ ಅವರಿಗೆ, ಮಾಲಿನಿಯ ನಮಸ್ಕಾರ.

‘ಪ್ರಿಯ’ ಎಂದು ಬರೆಯಲು ಹೊರಟೆ, ಕೈ ಬರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇದು ನಮ್ಮಿಬ್ಬರ ವಿಷಯ ಅಲ್ಲ. ನೀವು ಮನೆ ಬಿಟ್ಟು ಕೊಟ್ಟಾರದ ಜಿಮ್ಮಿನ ಮೇಲಿನ ಕೋಣೆ ಸೇರಿ ಎರಡು ವರ್ಷವಾಯಿತು. ಆ ಜಗಳಕ್ಕೆ ಇವತ್ತು ನನಗೆ ಪುರುಸೊತ್ತಿಲ್ಲ. ವಿಷಯ ಲಿಡಿಯಾಳದ್ದು. ನಾಳೆ ಬೆಳಿಗ್ಗೆ ಅಂತರ ಕಾಲೇಜು ಪವರ್‌ಲಿಫ್ಟಿಂಗಿನಲ್ಲಿ 52 ಕೆ.ಜಿ. ವಿಭಾಗದಲ್ಲಿ ಭಾರ ಎತ್ತಬೇಕಾದ ನಿಮ್ಮ ಶಿಷ್ಯೆ ಲಿಡಿಯಾ, ಈಗ ನನ್ನ ಮಂಚದ ಮೇಲೆ ಬಿದ್ದುಕೊಂಡಿದ್ದಾಳೆ. ತುಟಿ ಒಡೆದಿದೆ. ನಿನ್ನೆ ಮಧ್ಯಾಹ್ನದಿಂದ ಒಂದು ತೊಟ್ಟು ನೀರು ಕುಡಿದಿಲ್ಲ.

ಫೋನ್ ಮಾಡಿ ಮಾಡಿ ಸಾಕಾಯಿತು. ಸ್ಪರ್ಧೆಯ ಹಿಂದಿನ ದಿನ ಫೋನ್ ಆಫ್ ಮಾಡಿ ಡ್ರಾಯರಿಗೆ ಹಾಕುವ ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲವೇ? ಮನೆಗೆ ಬೆಂಕಿ ಬಿದ್ದರೂ ನೀವು ತೆಗೆಯುವವರಲ್ಲ. ಇವಳನ್ನು ಒಬ್ಬಳೇ ಬಿಟ್ಟು ನಾನು ಬರಲಾರೆ. ನಿಮ್ಮ ಜಿಮ್ ಗುಡಿಸುವ ಉಮಾವತಿ ಏಳು ಗಂಟೆಗೆ ಇಲ್ಲಿಂದ ಹೊರಡುತ್ತಾಳೆ. ಅವಳ ಕೈಯಲ್ಲಿ ಈ ಪತ್ರ ಕಳುಹಿಸುತ್ತಿದ್ದೇನೆ. ನಿಂತಲ್ಲೇ ಓದಿ.

ನನ್ನ ಶುಕ್ರವಾರದ ಕೂಟ ನಿಮಗೆ ಹೊಸತಲ್ಲ. ಆಟೋಟದ ಮಕ್ಕಳು ಪ್ರಾಕ್ಟೀಸ್ ಮುಗಿಸಿ ಬೆವರಿನ ಬಟ್ಟೆಯಲ್ಲೇ ಚರ್ಚಿನ ಹಾಲಿಗೆ ನುಗ್ಗುತ್ತಾರೆ, ಅವರ ಶೂಗಳ ವಾಸನೆಗೆ ಸಭೆಯ ಹಿರಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ಕೀರ್ತನೆ, ಬೈಬಲಿನ ಒಂದು ವಾಕ್ಯ, ಆಮೇಲೆ ಸಾಕ್ಷಿ. ಈ ವಾರ ದೇವರು ನನ್ನನ್ನು ಹೇಗೆ ನಡೆಸಿದರು ಎಂದು ಯಾರಾದರೂ ಒಬ್ಬರು ಎದ್ದು ನಿಂತು ಹೇಳಬೇಕು. ಈಸ್ಟರಿಗೆ ಮುಂಚಿನ ಲೆಂಟ್ ಉಪವಾಸ ಶುರುವಾದಾಗ ಲಿಡಿಯಾ ರಾತ್ರಿಯ ಊಟ ಬಿಟ್ಟಳು, ಆಮೇಲೆ ಮಧ್ಯಾಹ್ನದ್ದೂ ಬಿಟ್ಟಳು. ನಾನೇ ಅವಳನ್ನು ಎಬ್ಬಿಸಿ ಸಾಕ್ಷಿ ಹೇಳಿಸಿದೆ, ಚಪ್ಪಾಳೆ ತಟ್ಟಿಸಿದೆ. ನೋಡಿ ಮಕ್ಕಳೇ, ಭಕ್ತಿ ಎಂದರೆ ಇದು ಎಂದೆ. ಮರುವಾರ ಓಟದ ಹುಡುಗಿಯರಿಬ್ಬರು ತಾವೂ ಊಟ ಬಿಟ್ಟಿದ್ದೇವೆ ಎಂದು ಬಂದು ಹೇಳಿದರು. ನನಗೆ ಎಷ್ಟು ಹೆಮ್ಮೆ ಅಂತೀರಿ! ಥೂ, ನೆನೆಸಿದರೆ ಮೈ ಉರಿಯುತ್ತದೆ.

ಇವತ್ತು ಆರಾಧನೆಯ ನಂತರ ಮಕ್ಕಳಿಗೆ ಕೋರಿ ರೊಟ್ಟಿಯ ಊಟ ಇಟ್ಟಿದ್ದೆವು. ಭಾನುವಾರ ಪುನರುತ್ಥಾನದ ದಿನ, ಲೆಂಟಿನಲ್ಲೂ ಅವತ್ತು ಉಪವಾಸವಿಲ್ಲ. ಇದು ಸಂಡೇ ಸ್ಕೂಲಿನ ಮಗುವಿಗೂ ಗೊತ್ತು. ಲಿಡಿಯಾ ರೊಟ್ಟಿ ಮುರಿದಳು, ಪುಡಿ ಮಾಡಿದಳು, ಕೋಳಿ ಸಾರಿನಲ್ಲಿ ಕಲಸಿದಳು. ತುತ್ತು ಮಾತ್ರ ಬಾಯಿಗೆ ಹೋಗಲಿಲ್ಲ. ನಡುನಡುವೆ ಕರ್ಚೀಫನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ದೇವರಿಗಾಗಿ ಊಟ ಬಿಟ್ಟವಳು, ದೇವರೇ ಉಣ್ಣು ಎಂದ ದಿನ ಯಾಕೆ ಉಣ್ಣುವುದಿಲ್ಲ? ಕೇಳಬೇಕೆಂದು ಎದ್ದೆ. ಅಷ್ಟರಲ್ಲಿ ತಟ್ಟೆ ತೊಳೆಯಲು ಹೋದವಳು ನಳ್ಳಿಯ ಹತ್ತಿರ ದೊಪ್ಪೆಂದು ಬಿದ್ದಳು.

ರಿಕ್ಷಾದಲ್ಲಿ ನನ್ನ ಮಡಿಲಲ್ಲಿ ತಲೆ ಇಟ್ಟುಕೊಂಡು ಎಲ್ಲವನ್ನೂ ಹೇಳಿದಳು. 57 ಕೆ.ಜಿ.ಯಲ್ಲಿ ನಿಮ್ಮದೇ ತಂಡದ ಮೋಕ್ಷಾ ಆಗಲೇ ಇದ್ದಾಳೆ, ಅದಕ್ಕೆ ಇವಳು 52ಕ್ಕೆ ಇಳಿಯಬೇಕು. ಈ ಸೆಕೆಯಲ್ಲಿ ರೈನ್‌ಕೋಟ್ ಹಾಕಿಕೊಂಡು ಓಡಬೇಕು. ಬಾಯಲ್ಲಿ ಬಂದ ಎಂಜಲನ್ನೂ ನುಂಗಬಾರದು, ಕರ್ಚೀಫಿಗೆ ಉಗುಳಬೇಕು. ಹಾಸ್ಟೆಲಿನಲ್ಲಿ ಯಾರಾದರೂ ಊಟ ಯಾಕೆ ಬಿಟ್ಟೆ ಎಂದು ಕೇಳಿದರೆ ಏನು ಹೇಳಬೇಕೆಂದೂ ನೀವೇ ಕಲಿಸಿದ್ದೀರಂತೆ: “ಲೆಂಟ್ ಅಂತ ಹೇಳು ಮಾರಾಯ್ತಿ, ಮತ್ತೆ ಯಾರೂ ಎಂತ ಸಹ ಮಾತಾಡುವುದಿಲ್ಲ.”

ನಿಮಗೆ ನಾಚಿಕೆ ಎಂಬುದು ಉಂಟಾ ಜೆರೋಮ್? ನನ್ನ ಪ್ರಾರ್ಥನೆಯ ಕೂಟವನ್ನು ನಿಮ್ಮ ತೂಕದ ಮಿಷಿನಿಗೆ ಪರದೆ ಮಾಡಿಕೊಂಡಿರಿ. ನಾನು ಏನೂ ಅರಿಯದೆ ಆ ಪರದೆಗೆ ಹೂ ಕಟ್ಟಿದೆ. ನೀವು ಹಸಿವು ಕಲಿಸಿದಿರಿ, ನಾನು ಅದಕ್ಕೆ ಚಪ್ಪಾಳೆ ಹೊಡೆಸಿದೆ. ಇಷ್ಟು ವರ್ಷದಲ್ಲಿ ನಾವಿಬ್ಬರೂ ಸೇರಿ ಮಾಡಿದ ಕೆಲಸ ಇದೊಂದೇ ಇರಬೇಕು.

ಕೆಳಗಿನ ಕ್ಲಿನಿಕ್ಕಿನ ಡಾಕ್ಟರ್ ಬಂದು ನೋಡಿದರು. ಡ್ರಿಪ್ ಹಾಕಲು ಹೋದರೆ ಇವಳು ಕೈ ಕಿತ್ತುಕೊಂಡಳು. “ಬೇಡ ಡಾಕ್ಟ್ರೇ, ಆ ನೀರು ತೂಕಕ್ಕೆ ಸೇರ್ತದೆ” ಎಂದಳು. ಎಂಟು ಗಂಟೆಯೊಳಗೆ ತಾನಾಗಿ ಏನಾದರೂ ಕುಡಿದರೆ ಸರಿ, ಇಲ್ಲದಿದ್ದರೆ ಎತ್ತಿಕೊಂಡು ಹೋಗಿಯಾದರೂ ಅಡ್ಮಿಟ್ ಮಾಡಿ, ಈ ಸ್ಥಿತಿಯಲ್ಲಿ ಭಾರ ಹೊತ್ತರೆ ಹೃದಯವೇ ಕೈಕೊಟ್ಟೀತು ಎಂದು ಅವರು ಖಡಾಖಂಡಿತವಾಗಿ ಹೇಳಿ ಹೋದರು. ಪಕ್ಕದ ಮನೆಯ ನಾಝಿಮಾ ಓಡಿ ಬಂದಿದ್ದಳು. ಅವರಿಗೆ ರಂಜಾನ್, ಇವತ್ತು ಚಂದ್ರ ಕಂಡರೆ ನಾಳೆ ಹಬ್ಬ. “ನಮ್ಮ ಉಪವಾಸಕ್ಕೆ ಬಿಡುವ ಹೊತ್ತು ಅಂತ ಒಂದು ಉಂಟು ಮಾಲಿನಿಯಕ್ಕ, ಇವಳದ್ದಕ್ಕೆ ಎಂತ ಉಂಟು?” ಎಂದು ಕೇಳಿದಳು.

ವಾಕ್ಯ ಓದಿದೆ, ಬೈದೆ, ಕಾಲು ಹಿಡಿಯುವುದೊಂದು ಬಾಕಿ. ದೇವರಿಗೆ ಈ ಹಸಿವು ಬೇಡ ಮಗಾ ಎಂದೆ. ಅವಳದ್ದು ಒಂದೇ ಹಟ: “ಸರ್ ಹೇಳಿದರೆ ಕುಡೀತೇನೆ ಆಂಟಿ.” ದೇವರ ಮಾತು ನಡೆಯಲಿಲ್ಲ, ನನ್ನದು ಮೊದಲೇ ಇಲ್ಲ. ಅವಳಿಗೆ ನೀವು ಹೇಳಿದ್ದೇ ವೇದವಾಕ್ಯ.

ಈ ಸಲ ಟ್ರೋಫಿ ಬರದಿದ್ದರೆ ಕಾಲೇಜಿನವರು ನಿಮ್ಮನ್ನು ಮುಂದುವರಿಸುವುದಿಲ್ಲ ಎಂಬುದು ನನ್ನ ಕಿವಿಗೂ ಬಿದ್ದಿದೆ. ನೀವು ಕಟುಕರಲ್ಲ. ಸೋತ ಮಕ್ಕಳನ್ನು ಕರೆದುಕೊಂಡು ಹೋಗಿ ಐಸ್‌ಕ್ರೀಂ ಕೊಡಿಸುತ್ತಿದ್ದವರು ನೀವೇ ಅಲ್ಲವಾ? ಆ ಜೆರೋಮ್ ಅಲ್ಲಿ ಎಲ್ಲಾದರೂ ಇದ್ದರೆ ಅವರಿಗೆ ಈ ಪತ್ರ. ಅವಳ ಹೆಸರನ್ನು ನಾಳೆಯ ಸ್ಪರ್ಧೆಯಿಂದ ತೆಗೆಯಿರಿ. ಡ್ರಾಯರಿನಿಂದ ಫೋನ್ ತೆಗೆದು ಅವಳಿಗೆ ಒಂದೇ ಒಂದು ಮಾತು ಹೇಳಿ, ಉಣ್ಣು ಎಂದು. ಆಮೇಲೆ ಬೇಕಾದರೆ ಇನ್ನೂ ಎರಡು ವರ್ಷ ನನ್ನೊಡನೆ ಮಾತು ಬಿಡಿ.

ಸಿಟ್ಟಿನಲ್ಲೂ ನಿಮಗಾಗಿ ಪ್ರಾರ್ಥಿಸುವ,
ಮಾಲಿನಿ

ತಾ.ಕ.: ಪತ್ರ ಮಡಚಿ ಇಟ್ಟಿದ್ದೆ. ಅಷ್ಟರಲ್ಲಿ ಮಸೀದಿಯ ಬಾಂಗ್ ಕೇಳಿಸಿತು. ನಾಝಿಮಾ ತಾವು ಉಪವಾಸ ಬಿಡುವ ಜೀರಿಗೆ ಗಂಜಿಯನ್ನು ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟಳು. ಪರಿಮಳಕ್ಕೆ ಲಿಡಿಯಾ ಕಣ್ಣು ಬಿಟ್ಟಳು, ಡಬ್ಬಿಯನ್ನೇ ನೋಡಿದಳು, ಬೇಡವೆಂದು ತಲೆ ಆಡಿಸಿದಳು. ನನ್ನಿಂದ ತಡೆಯಲಾಗಲಿಲ್ಲ. ಸರ್ ಫೋನ್ ಮಾಡಿದ್ದರು, ನಾಳೆ ಎತ್ತುವುದು ಬೇಡವಂತೆ, ಉಣ್ಣಬೇಕಂತೆ ಎಂದುಬಿಟ್ಟೆ. “ಸರ್ ಫೋನ್ ಇವತ್ತು ಆಫ್ ಅಲ್ವಾ ಆಂಟಿ?” ಎಂದು ಕೇಳಿದಳು, ಹುಷಾರಿನ ಹುಡುಗಿ. ನನಗೋಸ್ಕರ ಆನ್ ಮಾಡಿದರು ಮಗಾ, ಹೆಂಡತಿಯಲ್ಲವಾ ಎಂದೆ. ನಂಬಿದಳು ಜೆರೋಮ್. ಅತ್ತುಕೊಂಡೇ ಗಂಜಿ ಕುಡಿದಳು, ಈಗ ಎರಡನೇ ಬಟ್ಟಲು ಹಿಡಿದು ಕುಳಿತಿದ್ದಾಳೆ. ಸರ್ ಎಷ್ಟು ಒಳ್ಳೆಯವರು ಎನ್ನುತ್ತಿದ್ದಾಳೆ. ಕೂಟ ನಡೆಸುವವಳು ಲೆಂಟಿನಲ್ಲಿ ಒಂದರ ಬೆನ್ನಿಗೆ ಒಂದು ಸುಳ್ಳು ಹೇಳಿದ್ದೇನೆ, ಬರುವ ಶುಕ್ರವಾರ ಸಾಕ್ಷಿ ಹೇಳುವ ಸರದಿ ನನ್ನದು. ಉಮಾವತಿ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾಳೆ. ನಾಳೆ ಲಿಡಿಯಾ ನಿಮಗೆ ಥ್ಯಾಂಕ್ಸ್ ಹೇಳಲು ಬರುತ್ತಾಳೆ. ಆಗ ಮಾತ್ರ, ನಿಮ್ಮ ದಮ್ಮಯ್ಯ, ನಾನು ಹಾಗೆ ಹೇಳಲೇ ಇಲ್ಲ ಎನ್ನಬೇಡಿ.