ಪುಸ್ತಕದಾಗಿನ ಥಕ್ಕರೆ

೬ ಡಿಸೆಂಬರ್ ೧೯೩೭, ಸೋಮವಾರ

ಬಿನ್ನೆತ್ತೆ ತರಗತಿಯ ಹಾಜರಿ ಇಪ್ಪತ್ತೆರಡು. ಇಬ್ಬರು ಹತ್ತಿ ಬಿಡಿಸಲು ಹೋಗಿದ್ದಾರೆ. ಶ ಗುಣಿತ ಮುಗಿಯಿತು. ಇಪ್ಪತ್ತೇಳು ವರ್ಷವಾಯಿತು, ಒಂದನೇ ಇಯತ್ತೆಗೂ ಬಾರದ ಈ ಪಿಳ್ಳೆಗಳ ನಡುವೆ. ಬೇರೆ ವರ್ಗ ಕೊಟ್ಟರೂ ಒಲ್ಲೆ.

ಮಧ್ಯಾಹ್ನ ಹೆಡ್‌ಮಾಸ್ತರ ಪರಮೇಶ್ವರಪ್ಪನವರು ಕರೆದರು. ಜನವರಿ ಹತ್ತಕ್ಕೆ ಡೆಪ್ಯುಟಿ ಸಾಹೇಬರ ಇನ್‌ಸ್ಪೆಕ್ಷನ್. ಮೊದಲು ಬಿನ್ನೆತ್ತೆಯನ್ನೇ ನೋಡುತ್ತಾರಂತೆ.

"ಹುಡುಗರು ಓದಲಿಲ್ಲಂದ್ರ ನಿಮ್ಮನ್ನ ಪೆನ್ಶನ್ನಿಗೆ ಹಚ್ತಾರ ನೋಡ್ರಿ, ಗುದ್ಲೆಪ್ಪ ಮಾಸ್ತರ. ಟ್ರೇನಿಂಗ್ ಆದ ಹೊಸಬರು ಕಾಯಾಕತ್ತಾರ."

"ಓದ್ತಾರ್ರೀ," ಅಂದೆ.

ಮಾತಾಡುವಷ್ಟು ಹೊತ್ತೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ವೈಶಾಖದಲ್ಲಿ ಹಾನಗಲ್ಲಿನ ಮದುವೆಯಲ್ಲಿ ಅಂಟಿನ ಉಂಡೆ ಕಡಿಯಲು ಹೋಗಿ ಮೇಲಿನ ಎರಡು ಮುಂಬಲ್ಲು ಕಳೆದುಕೊಂಡೆ. ಊರಿಗೆಲ್ಲ ಅದೇ ಸುದ್ದಿ. ಹಲ್ಲು ಹೋದರೆ ವಿದ್ಯೆಯೂ ಹೋಗುತ್ತದೆಯೇ?

೮ ಡಿಸೆಂಬರ್, ಬೆಳಿಗ್ಗೆ

ಮಹಾದೇವಕ್ಕ ಮತ್ತೆ ಶುರು ಮಾಡಿದಳು. "ಹುಬ್ಬಳ್ಳಿಗೆ ಹೋಗಿ ಹಲ್ಲ ಕಟ್ಟಿಸ್ಕೊಂಡ ಬರ್ರಿ. ನೀವು ಏನ ಅಂತೀರೋ ನನಗ ಒಂದೂ ತಿಳೀವಲ್ದು."

ಒಲ್ಲೆ ಎಂದೆ. ಯಾರ ಹಲ್ಲೋ ಏನೋ. ನನ್ನ ಮಾತು ಸ್ಪಷ್ಟವಾಗಿಯೇ ಇದೆ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಕಿವಿ ಮಂದವಾಗಿರಬೇಕು.

೧೩ ಡಿಸೆಂಬರ್, ಸೋಮವಾರ

ಸ ಗುಣಿತ ಹಿಡಿದೆ. ಸ ಸಾ ಸಿ ಸೀ... ಒಂದೇ ಉಸಿರಿಗೆ ಹೇಳಿದರು. ಓಣಿಯಲ್ಲಿ ಹೊರಟಿದ್ದ ನೀಲಪ್ಪ ಕಿಟಕಿಯ ಹತ್ತಿರ ನಿಂತು ನಕ್ಕು ಹೋದ. ಯಾಕೆ ನಕ್ಕನೋ. ಸೋಮಾರಿ.

೧೬ ಡಿಸೆಂಬರ್, ಗುರುವಾರ. ಶಾಲೆ ಬಿಟ್ಟ ಮೇಲೆ

ಬರೆದೇ ಬಿಡುತ್ತೇನೆ.

ಬೋರ್ಡಿನ ಮೇಲೆ "ಸಕೀನಬಿ" ಎಂದು ಬರೆದೆ. ಪಾತ್ರೆಗೆ ಕಲಾಯಿ ಹಾಕುವ ಬಂದೇಸಾಬನ ಮಗಳು, ಆರು ವರ್ಷ, ಮುಂದಿನ ಸಾಲು. ತನ್ನ ಹೆಸರು ತಾನೇ ಓದಿದರೆ ಹಿಗ್ಗುತ್ತಾಳೆ ಎಂಬ ಆಸೆ ನನಗೆ. ಬೆರಳಿಟ್ಟು ಓದಿದಳು: "ಥ... ಕೀ... ನ... ಬಿ."

ಗುಂಪಿನಲ್ಲಿ ಕೇಳಿಸದೆ ಇದ್ದದ್ದು ಒಂಟಿ ದನಿಯಲ್ಲಿ ಕೇಳಿಸಿತು.

"ಯಾರದು?"

"ನಾನ್ರಿ."

"ನಿಮ್ಮಪ್ಪ ಹಂಗ ಕರೀತಾನೇನ?"

"ಇಲ್ರಿ. ಮನ್ಯಾಗ ಸಕೀನಬಿ. ಸಾಲ್ಯಾಗ ಥಕೀನಬಿ." ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ನೋಡಿದಳು. "ಮನ್ಯಾಗ ಮನಿ ಅಂತೀವಿ, ಪುಸ್ತಕದಾಗ ಮನೆ ಅಂತೀವಲ್ರಿ. ಹಂಗ ಮನ್ಯಾಗ ಸಕ್ರಿ, ಪುಸ್ತಕದಾಗ ಥಕ್ಕರೆ. ನೀವ ಹೇಳಿದ್ರಿ!"

ಅಷ್ಟೂ ತಲೆಗಳು ಹೌದು ಹೌದು ಎಂದು ಆಡಿದವು. ಆರು ತಿಂಗಳಿಂದ ನನ್ನ ಬೊಚ್ಚು ಬಾಯಿಯನ್ನೇ ಗ್ರಂಥಭಾಷೆ ಎಂದು ಕಲಿತಿವೆ! ಒಂದು ಕೂಸೂ ಅನುಮಾನಪಡಲಿಲ್ಲ. ಮಾಸ್ತರು ಹೇಳಿದ ಮೇಲೆ ಮುಗಿಯಿತು.

ತಪ್ಪು ನನ್ನದು. ಮಹಾದೇವಕ್ಕನ ಕಿವಿ ನೆಟ್ಟಗೇ ಇದೆ. ನಾಚಿಕೆ ಒಂದು ಕಡೆ, ಹೆದರಿಕೆ ಒಂದು ಕಡೆ. ಇನ್‌ಸ್ಪೆಕ್ಷನ್ನಿಗೆ ಇಪ್ಪತ್ತೈದೇ ದಿನ.

೧೯ ಡಿಸೆಂಬರ್, ರವಿವಾರ

ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ. ಹಲ್ಲಿನ ಡಾಕ್ಟರು ಅಳತೆ ತೆಗೆದುಕೊಂಡರು. ಕಟ್ಟು ಸಿಗುವುದು ಫೆಬ್ರುವರಿಗೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇವತ್ತು ಕನ್ನಡಿಯ ಮುಂದೆ ನೂರು ಸಲ ಸ ಅಂದೆ. ನೂರೂ ಥ.

ಊಟಕ್ಕೆ ಕುಳಿತಾಗ ಮಹಾದೇವಕ್ಕ ಹಸಿ ಮೆಣಸಿನಕಾಯಿ ಕಡಿದು "ಸ್‌ಸ್‌ಸ್" ಎಂದಳು. ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು.

"ಇನ್ನೊಮ್ಮೆ ಅನ್ನು."

"ಏನ?"

"ಈಗ ಅಂದ್ಯಲ್ಲ, ಅದು."

"ನಿಮಗ ಹುಚ್ಚ ಹಿಡದೈತಿ," ಎಂದು ನೀರು ಕುಡಿದಳು.

೨೦ ಡಿಸೆಂಬರ್, ಸೋಮವಾರ

ಮಕ್ಕಳ ಮುಂದೆ ಬಾಯಿ ತೆರೆದು ತೋರಿಸಿದೆ. "ನೋಡ್ರಿ, ಇಲ್ಲಿ ಎರಡು ಹಲ್ಲಿಲ್ಲ. ಅದಕ್ಕ ನನಗ ಈ ಅಕ್ಷರ ಬರೂದಿಲ್ಲ. ಥಕ್ಕರೆ ಅನ್ನೂದು ಪುಸ್ತಕದ ಮಾತಲ್ಲ. ನನ್ನ ತಪ್ಪು."

ಹಿಂದಿನ ಸಾಲಿನಿಂದ ಒಂದು ದನಿ: "ನನ್ನೂ ಬಿದ್ದಾವ್ರಿ!" ನಾಲ್ಕು ಬಾಯಿಗಳು ತೆರೆದವು. ಆರು ವರ್ಷದ ಹಲ್ಲುಗಳು, ಬೀಳಲೇಬೇಕಲ್ಲ. ಎಷ್ಟು ಹಗುರಾಯಿತು ಎದೆ.

"ಮೆಣಸಿನಕಾಯಿ ಕಡದ್ರ ಏನಂತೀರಿ?"

"ಸ್‌ಸ್‌ಸ್‌ಸ್!" ಹೆಂಚು ಹಾರುವ ಹಾಗೆ.

"ಅದ ಈ ಅಕ್ಷರ. ನಾ ಏನರ ಅನ್ಲಿ, ನೀವು ಮೆಣಸಿನಕಾಯಿದ್ದ ಅನ್ರಿ."

ಸಕೀನಬಿ ಎದ್ದು ಬೋರ್ಡು ಓದಿದಳು. ಸರಿಯಾಗಿ. ಎರಡು ಸಲ. ಮೂರನೆಯ ಸಲ ಯಾರೂ ಹೇಳದೆಯೇ ಓದಿದಳು.

೩ ಜನವರಿ ೧೯೩೮, ಸೋಮವಾರ

ಕ್ರಿಸ್‌ಮಸ್ಸಿನ ನಾತಾಳ ರಜೆ ಮುಗಿಯಿತು. ಮರೆತಿರುತ್ತಾರೆ ಎಂದು ಹೆದರಿದ್ದೆ. ಮರೆತಿಲ್ಲ. ಸ ಬಂದಲ್ಲೆಲ್ಲ ಕಣ್ಣು ಕಿವುಚಿ, ಕೈಯಿಂದ ಗಾಳಿ ಹಾಕಿಕೊಂಡು ಓದುತ್ತಾರೆ. ಅತಿಯಾಯಿತು. ಇರಲಿ.

೧೦ ಜನವರಿ, ಸೋಮವಾರ, ಸಂಜೆ

ಮಕ್ಕಳನ್ನು ಓದಿಸುತ್ತಾರೆ ಎಂದುಕೊಂಡಿದ್ದೆ. ಡೆಪ್ಯುಟಿ ಸಾಹೇಬರು ಕುರ್ಚಿ ಎಳೆದುಕೊಂಡು ನನ್ನ ಕಡೆ ತಿರುಗಿದರು.

"ನೀವು ಹೇಳ್ರಿ ಮಾಸ್ತರ. ಹುಡುಗರು ನಿಮ್ಮ ಹಿಂದ ಅನ್ಲಿ. ಸ ಗುಣಿತ."

ಎಲ್ಲ ಬಿಟ್ಟು ಅದೇ! ಪರಮೇಶ್ವರಪ್ಪನವರು ಕಿಟಕಿಯ ಕಡೆ ಮುಖ ಮಾಡಿದರು. ಬೇರೆ ದಾರಿ ಇರಲಿಲ್ಲ.

"ಥ," ಅಂದೆ.

"ಸ!" ಎಂದರು ಮಕ್ಕಳು.

"ಥಾ."

"ಸಾ!" ನಡುವೆ ಹಲ್ಲಿಲ್ಲದ ನಾಲ್ಕು ಥಾ ಸೇರಿದ್ದವು, ಮುಳುಗಿಹೋದವು.

ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. "ಇದೇನ್ರಿ? ನೀವು ಒಂದ ಅಂತೀರಿ, ಇವರು ಒಂದ ಅಂತಾರ?"

ನಾನು ಬಾಯಿ ತೆರೆಯುವುದರೊಳಗೆ ಸಕೀನಬಿ ಎದ್ದು ನಿಂತಳು. "ಮಾಸ್ತರಗ ಹಲ್ಲಿಲ್ರಿ. ಆದ್ರ ಅವರು ಅಂದದ್ದು ನಮಗ ತಿಳೀತೈತ್ರಿ."

ಸಾಹೇಬರು ನಗಲಿಲ್ಲ. ತಾವೇ ಎದ್ದು ಬೋರ್ಡಿನ ಮೇಲೆ "ಸಸಿಗೆ ನೀರು ಸುರಿ" ಎಂದು ಬರೆದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದರು. ಹದಿನೆಂಟು ಮಂದಿ ತಡವರಿಸದೆ ಓದಿದರು.

ಶಾಲೆಯ ಶೆರಾ ಪುಸ್ತಕದಲ್ಲಿ ಅವರು ಬರೆದ ಅಭಿಪ್ರಾಯ: "ಬಿನ್ನೆತ್ತೆಯ ಮಕ್ಕಳು ಮಾಸ್ತರರಿಗಿಂತ ಶುದ್ಧವಾಗಿ ಓದುತ್ತಾರೆ. ಮಾಸ್ತರರನ್ನು ಇದೇ ವರ್ಗದಲ್ಲಿ ಮುಂದುವರಿಸಬೇಕು."

ಮೂರು ಸಲ ಓದಿದೆ. ಅಳಲಿಲ್ಲ. ಸುಳ್ಳು, ಅತ್ತೆ. ಇಲ್ಲಿ ಯಾರು ನೋಡುತ್ತಾರೆ.

೧೧ ಜನವರಿ, ಮಂಗಳವಾರ, ಶಾಲೆಗೆ ಮುಂಚೆ

ಇವತ್ತು ಹ ಗುಣಿತ. ಹಲ್ಲು ಬೇಡ, ತುಟಿ ಬೇಡ, ನಾಲಿಗೆಗೂ ಕೆಲಸವಿಲ್ಲ. ಎದೆಯಲ್ಲಿ ಕಟ್ಟಿಕೊಂಡದ್ದನ್ನು ಬಿಟ್ಟರೆ ಸಾಕು, ಅಕ್ಷರ ತಾನೇ ಬರುತ್ತದೆ. ಬರೆಯುತ್ತ ಒಮ್ಮೆ ಗಟ್ಟಿಯಾಗಿ ಅಂದೂ ನೋಡಿದೆ. ಅಡಿಗೆಮನೆಯಿಂದ ಮಹಾದೇವಕ್ಕ "ಏನಾತ್ರಿ?" ಅಂದಳು. ಏನೂ ಇಲ್ಲ ಮಾರಾಯತಿ, ಹಾ—