ಗೇಮ್ ಪುಸ್ತಕದ ಗೋಪುರ

೪ ಜೂನ್ ೨೦೦೨, ಮಧ್ಯಾಹ್ನ

ಹೆಸರುಕಾಳು ನೆನೆಹಾಕಿ ಕಸೂತಿಗೆ ಕುಳಿತೆ. ಸೀರೆ ಅಂಗಡಿಯ ನೀತಾ ಮೇಡಂಗೆ ಇನ್ನೂ ಸೆರಗು ಬೇಕು. ಅದೇ ನವಿಲು, ಅದೇ ಆನೆ. ಕೈ ನಡೆಯುತ್ತದೆ, ಮನಸ್ಸು ತೂಕಡಿಸುತ್ತದೆ.

ಅಣ್ಣನ ಹೆಂಡತಿ ವೈನಿಯ ತಮ್ಮ ಸ್ವಪ್ನಿಲ್ ನಮ್ಮಲ್ಲಿದ್ದು ಕಾಲೇಜಿಗೆ ಹೋಗುತ್ತಾನೆ. ಅವನ ವಿಡಿಯೊ ಗೇಮ್ ಮ್ಯಾಗಜಿನ್ ಟಪಾಲಿನಲ್ಲಿ ಬಂತು. ಇಂಗ್ಲಿಷು — ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳಿಗೆ ಬಾರದು. ಚಿತ್ರ ನೋಡಿದೆ. ಒಂದು ಕೋಟೆ. ಪೂರ್ತಿ ಸಣ್ಣ ಸಣ್ಣ ಚೌಕ, ಎಳೆ ಎಣಿಸಿ ಹೊಲಿದ ಹಾಗೆ. ಗುಂಡಗಿನ ಗೆರೆಯೇ ಇಲ್ಲ, ಆದರೂ ಬುರುಜು ದುಂಡಗೆ ಕಾಣುತ್ತದೆ. ಹೇಗೆ…

೧೩ ಜೂನ್

ಆ ಕೋಟೆ ಹಾಕಿಯೇಬಿಟ್ಟೆ, ಕೆಂಪು ಸೆರಗಿಗೆ. ಬಾಗಿಲಲ್ಲಿ ಬೆಂಕಿ ಉಗುಳುವ ಪ್ರಾಣಿಯೂ ಇದೆ. ಸ್ವಪ್ನಿಲ್ ಬಿದ್ದು ಬಿದ್ದು ನಕ್ಕ. "ಸಾಬಕ್ಕಾ, ಇದು ಮೂರನೇ ಲೆವೆಲ್. ಈ ಪ್ರಾಣಿ ನನ್ನ ಎಷ್ಟ ಸಲ ಕೊಂದದ ಗೊತ್ತೇನು?"

ಕೆಳಗಿನ ಮನೆಯ ಅವ್ವಮ್ಮ ಸೆರಗು ಕಣ್ಣಿಗೊತ್ತಿಕೊಂಡರು. "ಚಂದ ಆಗೇದವ್ವಾ. ಯಾವೂರ ಗುಡಿ?"

ನಾನು ಸೂಜಿಗೆ ದಾರ ಪೋಣಿಸಲು ಕುಳಿತೆ. ವೈನಿ ಅಂದರು, "ಭಾಳ ದೂರದ್ದರಿ. ಜಪಾನ್ ಕಡೀದು."

೨೨ ಜೂನ್

ನೀತಾ ಮೇಡಂ ಇಂಥವೇ ಇನ್ನಷ್ಟು ಕೇಳಿದ್ದಾರೆ. ಚಿತ್ರ ಮಾತ್ರ ಬೇರೆ ಬೇರೆ ಬೇಕಂತೆ.

ಸ್ವಪ್ನಿಲ್ ಗಣಿತದಲ್ಲಿ ಫೇಲ್. ಮಾರ್ಕೆಟ್ ಯಾರ್ಡಿನಿಂದ ಬಂದ ಅಣ್ಣ ಚಪ್ಪಲಿ ಬಿಡುವ ಮೊದಲೇ ಅಂದ: "ಆ ಗೇಮಿನ ಪುಸ್ತಕ ಬಂದ್. ಚಂದಾ ಈ ತಿಂಗಳು ಮುಗೀತದ, ಮತ್ತ ಕಟ್ಟೂದಿಲ್ಲ."

ಹೆಂಚಿನ ಮೇಲಿನ ರೊಟ್ಟಿ ಕರಿದಾಯಿತು.

೨೩ ಜೂನ್

ಹೇಳಬೇಕು. ಅಣ್ಣನೆದುರು ಮಾತಾಡಿ ಗೊತ್ತಿಲ್ಲ. ಚಹಾ ಕೊಟ್ಟೆ, ಬಂದೆ. ನೀರು ಕೊಟ್ಟೆ, ಬಂದೆ. ವೈನಿ: "ಇನ್ನೇನ್ ಕೊಡತೀ? ಮಜ್ಜಿಗಿ ಅದ ನೋಡು."

೩೦ ಜೂನ್, ಭಾನುವಾರ

ಹೇಳಿದೆ. ಮ್ಯಾಗಜಿನ್ ತೆರೆದಿಟ್ಟೆ, ಪಕ್ಕದಲ್ಲಿ ಸೆರಗು. "ಇದನ್ನ ನಿಲ್ಲಿಸಬ್ಯಾಡಣ್ಣಾ."

"ನೀ ಯಾವಾಗಿಂದ ಗೇಮ್ ಆಡಾಕ ಹತ್ತೀದಿ?"

"ಆಡೂದಿಲ್ಲ. ಸ್ವಲ್ಪೇ ಚೌಕದಾಗ ಜೀವ ಹೆಂಗ ತರಬೇಕಂತ ಇದರಾಗ ಅದ. ಈ ಪ್ರಾಣಿ ಕಣ್ಣು ನೋಡು, ನಾಕೇ ಚೌಕ. ಸಿಟ್ಟಿಗೆದ್ದದ. ನನ್ನ ನವಿಲಿಗೆ ಇಂಥಾ ಕಣ್ಣಿಲ್ಲ."

"ರದ್ದಿ ಅಂಗಡ್ಯಾಗ ಹಳೇವು ಸಿಗತಾವಲ್ಲ?"

"ಅದರಾಗ ಚಂದನ್ನ ಪುಟ ಯಾರರೆ ಹರಕೊಂಡಿರತಾರ. ಚಂದಾ ಕಟ್ಟಿದ್ರ ಪೂರ್ತಿ ಬರತದ. ತಿಂಗಳಾ ಹೊಸಾದು ಕಾಣತದ."

ಅಣ್ಣ ಆ ಕಣ್ಣಿನ ಚೌಕ ಬೆರಳಿಟ್ಟು ಎಣಿಸಿದ. "ನೀ ಇಷ್ಟ ಮಾತಾಡತೀ ಅಂತ ಗೊತ್ತಿರಲಿಲ್ಲ," ಅಂದ.

ಚಂದಾ ನನ್ನ ಹೆಸರಿನಲ್ಲಿ ಕಟ್ಟುತ್ತಾನಂತೆ. ಗಣಿತ ಪಾಸಾಗುವ ತನಕ ಸ್ವಪ್ನಿಲ್ ನನ್ನನ್ನು ಕೇಳಿಯೇ ಓದಬೇಕು.

೭ ಆಗಸ್ಟ್

ಟಪಾಲಿನವ ಬಾಗಿಲಲ್ಲಿ ಈ ಊರಿನ ಮರಾಠಿಯಲ್ಲಿ ಕೂಗಿದ, "ಸಾಬವ್ವಾ ಕೋಣ ಆಹೇ?" ಸಾಬವ್ವ ಯಾರು ಅಂತ. ಎಂದಿನಂತೆ ಒಳಗೇ ನಿಂತೆ. ವೈನಿ ಏಳಲಿಲ್ಲ, ನನ್ನನ್ನೇ ನೋಡುತ್ತ ಕುಳಿತರು. ಹೋದೆ. "ಮೀ," ಅಂದೆ, ನಾನೇ ಅಂತ. ದಪ್ಪ ಲಕೋಟೆ. ನನ್ನ ಹೆಸರಿಗೆ ಬಂದ ಮೊದಲ ಟಪಾಲು.

ಸ್ವಪ್ನಿಲ್ ಹಿಂದೆಯೇ ಬಂದ. "ಅಕ್ಕಾ, ಎರಡ ನಿಮಿಷ…"

"ಮೊದಲ ಗಣಿತ."

ಪುಸ್ತಕದ ಒಳಗೆ ಒಂದು ಕಪ್ಪೆ ಇದೆ. ಜಿಗಿಯುವ ಮೊದಲು ಮೈ ಕುಗ್ಗಿಸಿ ಕುಳಿತಿದೆ. ಹಸಿರು ದಾರ ಸಾಲದು. ಹಿಂಗಾಲಿನಿಂದ ಶುರು ಮಾಡಿದರೆ —