ಅಳತೆ ಪುಸ್ತಕದಲ್ಲಿದ್ದ ಅಕ್ಕ

೧೪ ಜೂನ್, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ತಪ್ಪನ್ನು ಹೊಟ್ಟೆಗೆ ಹಾಕಿಕೋ. ನನ್ನ ಹೊಟ್ಟೆಯಲ್ಲಂತೂ ಸದ್ಯ ಜಾಗವಿಲ್ಲ. ಏಳು ತಿಂಗಳು ತುಂಬಿತು. ಹೊಲಿಗೆ ಯಂತ್ರದ ಮುಂದೆ ಕುಳಿತರೆ ಬಟ್ಟೆಗೂ ನನಗೂ ನಡುವೆ ಇನ್ನೊಬ್ಬರು ಕುಳಿತಿರುತ್ತಾರೆ. ಕೈ ಚಾಚಿ ಚಾಚಿ ಹೊಲಿದು ಬೆನ್ನು ಹಿಡಿದುಕೊಂಡಿದೆ. ಅದು ಬಿಟ್ಟರೆ ಆರಾಮ.

ಗುಬ್ಬಿ ಚೆನ್ನಾಗಿದ್ದಾಳೆ. ಮುಂದಿನ ತಿಂಗಳಿಗೆ ಎರಡೂವರೆ ವರ್ಷ. ನಾನು ಕುಳಿತರೆ ಕುಳಿತಳು, ಎದ್ದರೆ ಎದ್ದಳು, ಬಚ್ಚಲಿಗೆ ಹೋದರೆ ಬಾಗಿಲಿನಡಿ ಬೆರಳು ತೂರಿಸಿ "ಅಮ್ಮಾ, ಇದೀಯಾ?" ಎಂದು ವಿಚಾರಿಸುತ್ತಾಳೆ. ನನ್ನ ಅಳತೆ ಟೇಪು ಈಗ ಅವಳ ಕೊರಳಿನ ಆಸ್ತಿ. ಕುರ್ಚಿಯ ಕಾಲು, ಬಕೆಟ್ಟು, ಅಪ್ಪನ ಮೂಗು, ಎಲ್ಲವನ್ನೂ ಅಳೆದು "ಮೂರು" ಎನ್ನುತ್ತಾಳೆ. ಅವಳಿಗೆ ಗೊತ್ತಿರುವ ದೊಡ್ಡ ಸಂಖ್ಯೆ ಅದೊಂದೇ. ಮೊನ್ನೆ ನೂಲಿನ ಉಂಡೆಯೊಂದನ್ನು ಫ್ರಾಕಿನೊಳಗೆ ತುರುಕಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ನನ್ನ ಹಾಗೆಯೇ ಉಸ್ಸಪ್ಪಾ ಎನ್ನುತ್ತ ಓಡಾಡಿದಳು. "ಏನೇ ಅದು?" ಎಂದರೆ "ಪಾಪು. ಒದೀತಿದೆ" ಎಂದಳು. ಸ್ವಲ್ಪ ಹೊತ್ತಿಗೆ ಉಂಡೆ ತೆಗೆದು ನನ್ನ ಮಡಿಲಿಗೆ ಹಾಕಿ, "ನೀನೇ ಇಟ್ಕೋ, ನಂಗೆ ಸಾಕಾಯ್ತು" ಎಂದು ಆಟಕ್ಕೆ ಹೋದಳು. ನನಗೆ ಆ ಅನುಕೂಲ ಇಲ್ಲ ನೋಡು.

ಇನ್ನು ನೀನು ಬರೆದ ವಿಷಯ. "ಗುಬ್ಬಿಯನ್ನು ಮೂರು ತಿಂಗಳು ನನ್ನ ಹತ್ತಿರ ಬಿಡು, ಹೆರಿಗೆಯಾಗಿ ನೀನು ಎದ್ದು ಓಡಾಡುವ ತನಕ ನಾನು ನೋಡಿಕೊಳ್ಳುತ್ತೇನೆ." ಇವರು ಆ ಸಾಲನ್ನು ಎರಡು ಸಲ ಓದಿದರು. ಬಸ್ಸಿನ ಡ್ಯೂಟಿ, ಬೆಳಿಗ್ಗೆ ಐದಕ್ಕೆ ಸ್ಟಿಯರಿಂಗ್ ಹಿಡಿದರೆ ಮನೆ ಸೇರುವುದು ಸಂಜೆಗೆ. "ನಿಮ್ಮಕ್ಕ ಹೇಳೋದ್ರಲ್ಲಿ ತಪ್ಪೇನಿದೆ? ಎರಡು ಮಕ್ಕಳನ್ನ ಒಬ್ಬಳೇ ಹೆಂಗೆ ನಿಭಾಯಿಸ್ತೀಯ?" ಎಂದರು. ಡಾಕ್ಟರಮ್ಮನೂ "ಇನ್ನು ಮಗೂನ ಎತ್ಕೊಳ್ಳೋ ಹಾಗಿಲ್ಲ" ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಗುಬ್ಬಿಗೆ ಅದು ಹೇಗೋ ಅರ್ಥವಾಗಿದೆ. ಕುರ್ಚಿ ಹತ್ತಿ ನನ್ನ ಎತ್ತರಕ್ಕೆ ಬಂದು ಕೊರಳು ತಬ್ಬಿಕೊಳ್ಳುತ್ತಾಳೆ. ಅದನ್ನೇ ಎತ್ತಿಕೊಂಡ ಲೆಕ್ಕಕ್ಕೆ ಹಾಕಿಕೊಳ್ಳೋಣ ಎಂದು ನಮ್ಮಿಬ್ಬರಲ್ಲಿ ಒಪ್ಪಂದವಾಗಿದೆ.

ಕೊನೆಗೆ ನಾನೂ ಹೂಂ ಎಂದುಬಿಟ್ಟೆ. ಅವಳ ಬಟ್ಟೆ ತುಂಬಲು ಕಪಾಟಿನ ಮೇಲಿದ್ದ ಹಳೆಯ ಸೂಟ್‌ಕೇಸನ್ನು ಇವರ ಕೈಲಿ ಇಳಿಸಿಕೊಂಡೆ. ತೆರೆದರೆ ಒಳಗೆ ನಮ್ಮಪ್ಪನ ಅಳತೆ ಪುಸ್ತಕಗಳು. ಅವನು ಹೋದ ಮೇಲೆ ಅಂಗಡಿ ಖಾಲಿ ಮಾಡುವಾಗ ನಾನೇ ತುಂಬಿಟ್ಟದ್ದು ಮರೆತೇಹೋಗಿತ್ತು.

ಆ ಅಂಗಡಿ ನಿನ್ನ ಕಣ್ಣಿಗೆ ಕಟ್ಟುತ್ತದಾ? ಮುಂದೆ ಅಂಗಡಿ, ಪರದೆ ಸರಿಸಿದರೆ ಮನೆ. ಇಸ್ತ್ರಿಯ ಬಿಸಿ ವಾಸನೆ. ಕತ್ತರಿಸಿ ಬಿದ್ದ ಚೂರು ಬಟ್ಟೆಗಳ ರಾಶಿಯೇ ನನ್ನ ಹಾಸಿಗೆ. ಅಮ್ಮ ಗುಂಡಿ ಹಚ್ಚುತ್ತ, ಬಾಯಲ್ಲಿ ದಾರ ಕಚ್ಚಿಕೊಂಡೇ ನನ್ನನ್ನು ಗದರುತ್ತಿದ್ದಳು. ಪಾಪ, ಅರ್ಧ ಬೈಗುಳ ದಾರದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಎಂದೂ ನನಗೆ ಟೇಪು ಹಿಡಿದವನಲ್ಲ. ಬಾಗಿಲಲ್ಲಿ ನಿಲ್ಲಿಸಿ, ಒಂದು ಸಲ ನೋಡಿ, "ಆಯ್ತು, ಹೋಗು" ಎಂದು ಬಟ್ಟೆಗೆ ಕತ್ತರಿ ಹಾಕುತ್ತಿದ್ದ. "ದಿನಾ ಕಣ್ಣೆದುರಿಗಿರೋರಿಗೆ ಅಳತೆ ಯಾಕೆ?" ಎನ್ನುತ್ತಿದ್ದ. ಒಂದು ಅಂಗಿಯೂ ಬಿಗಿಯಾದದ್ದು ನೆನಪಿಲ್ಲ.

ಪುಸ್ತಕ ತಿರುವುತ್ತ ಹೋದೆ. "ಬ್ಯಾಂಕಿನವರು, ಪ್ಯಾಂಟು ಎರಡು" ಎಂಬುದಕ್ಕೂ "ಟೀಚರಮ್ಮ, ತೋಳು ಸಡಿಲ" ಎಂಬುದಕ್ಕೂ ನಡುವೆ, ಅದೇ ಅಕ್ಷರದಲ್ಲಿ, "ದೊಡ್ಡ ಮಗಳು" ಎಂದಿತ್ತು. ಭುಜ, ಎದೆ, ಉದ್ದ. ವರ್ಷಕ್ಕೊಂದರಂತೆ ಐದು ಸಲ. ನೀನು ಎರಡು ದಿನ ಬಂದು ಹೋದಾಗಲೆಲ್ಲ ಬರೆದಿಟ್ಟುಕೊಂಡದ್ದು. ನಡುನಡುವೆ ಪೆನ್ಸಿಲಿನಲ್ಲಿ, ಅಂಚೆಯಲ್ಲಿ ಕಳಿಸಿದ ಫ್ರಾಕುಗಳ ವಿಷಯ. "ಎರಡು ಇಂಚು ಸೇರಿಸಿದೆ. ಸಾಲಲಿಲ್ಲ." ಮರುವರ್ಷ, "ನಾಲ್ಕು ಸೇರಿಸಿದೆ. ಹೆಚ್ಚಾಯಿತು." ದಾರಿಯಲ್ಲಿ ಹೋಗುವವರ ಭುಜದ ಅಳತೆಯನ್ನು ನೋಡಿದ ಮಾತ್ರಕ್ಕೆ ಹೇಳುತ್ತಿದ್ದ ಮನುಷ್ಯ, ತನ್ನ ಮಗಳ ಫ್ರಾಕಿನಲ್ಲಿ ಪ್ರತಿ ವರ್ಷವೂ ತಪ್ಪಿದ್ದಾನೆ. ಪುಟಗಳ ನಡುವೆ ಸಿಕ್ಕ ಫೋಟೋದಲ್ಲಿ ನಿನ್ನ ಮಣಿಕಟ್ಟು ತೋಳಿನಿಂದ ಆಚೆ ಬಂದು ಚಳಿಗೆ ನಿಂತ ಹಾಗಿದೆ. ಆದರೂ ನಗುತ್ತಿದ್ದೀಯ.

ಅಮ್ಮ ಹೇಳುತ್ತಿದ್ದ ಕಥೆ ನಿನಗೂ ಗೊತ್ತು. ನಾನು ಹೊಟ್ಟೆಯಲ್ಲಿದ್ದಾಗ ಡಾಕ್ಟರು ಅವಳಿಗೆ ಮಲಗಿರಲು ಹೇಳಿದರು. ದೊಡ್ಡಮ್ಮ ಬಂದು ಎರಡು ವರ್ಷದ ನಿನ್ನನ್ನು ಎತ್ತಿಕೊಂಡು ಹೋದಳು. "ಮೂರೇ ತಿಂಗಳು ಕಣೇ" ಎಂದಳಂತೆ. ಆಮೇಲೆ ನಾನು ಹುಟ್ಟಿದ್ದೇ ಬಡಕಲಾಗಿ, ಆಸ್ಪತ್ರೆ ಮನೆ ಎಂದು ವರ್ಷ ಕಳೆಯಿತು. ಅಷ್ಟರಲ್ಲಿ ನೀನು ಅಲ್ಲಿಗೆ ಹೊಂದಿಕೊಂಡಿದ್ದೆ. ಯಾರೂ ಕುಳಿತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು. ದೊಡ್ಡಮ್ಮ ನಿನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು, ಅದರಲ್ಲಿ ಎರಡು ಮಾತಿಲ್ಲ.

ಆ ಪುಟ ಹಿಡಿದುಕೊಂಡು ನೆಲದ ಮೇಲೆ ಕುಳಿತು ಅತ್ತುಬಿಟ್ಟೆ, ಅಕ್ಕಾ. ಗುಬ್ಬಿ ಬಂದು ನನ್ನ ಕೆನ್ನೆಗೆ ಟೇಪು ಹಿಡಿದು "ಮೂರು" ಎಂದಳು.

ಗುಬ್ಬಿಯನ್ನು ಕಳಿಸುವುದಿಲ್ಲ. ನಿನ್ನ ಮೇಲೆ ನಂಬಿಕೆಯಿಲ್ಲದೆ ಅಲ್ಲ. ಅವಳ ಫ್ರಾಕನ್ನು ನಾನು ಇವತ್ತಿನವರೆಗೆ ಕಣ್ಣಂದಾಜಿನಲ್ಲೇ ಹೊಲಿದಿದ್ದೇನೆ. ಅದನ್ನು ಬಿಟ್ಟುಕೊಡಲು ನನ್ನಿಂದಾಗದು. ಇವರಿಗೆ ಹಾಗೆಯೇ ಹೇಳಿದೆ. ಇವರೇ ಸೂಟ್‌ಕೇಸನ್ನು ಮತ್ತೆ ಮೇಲಕ್ಕಿಟ್ಟು, "ಮಧ್ಯಾಹ್ನದ ಪಾಳಿ ಕೇಳಿ ನೋಡ್ತೀನಿ, ಬೆಳಗ್ಗೆಯಾದ್ರೂ ಮನೇಲಿರ್ಬಹುದು" ಎಂದರು.

ದೊಡ್ಡಮ್ಮ ಹೋದ ಮೇಲೆ ಆ ಮನೆಯಲ್ಲಿ ಒಬ್ಬಳೇ ಇದ್ದೀಯ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿಂತುಕೊಂಡೇ ತಿಂದು ಮುಗಿಸಬೇಡ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ಗುಬ್ಬಿ ಈ ಕಾಗದವನ್ನೂ ಅಳೆದಾಯಿತು, ಎಷ್ಟೆಂದು ಬರೆಯಬೇಕಾಗಿಲ್ಲ.

ನಿನ್ನ ತಂಗಿ

ಮರೆತ ಮಾತು: ಮರೆತದ್ದಲ್ಲ, ಇಪ್ಪತ್ತು ದಿನವೂ ಇದನ್ನೇ ಬರೆಯಲಾಗದೆ ಕುಳಿತಿದ್ದೆ. ನಿನಗೆ ಏಳು ವರ್ಷವಾಗಿದ್ದಾಗ ಅಪ್ಪ ನಿನ್ನನ್ನು ಇಟ್ಟುಕೊಳ್ಳಬೇಕೆಂದೇ ಕರೆಸಿದ್ದ. ನಿನ್ನ ಪೆಟ್ಟಿಗೆಯೂ ಬಂದಿತ್ತು. ನಿನ್ನ ಭುಜಕ್ಕೆ ಟೇಪು ಹಿಡಿದು, "ಇನ್ಮೇಲೆ ಅಕ್ಕ ಇಲ್ಲೇ ಇರ್ತಾಳೆ" ಎಂದ. ನಾನು, "ಅವಳು ಗಿರಾಕಿ ಅಲ್ವಾ? ಅಳತೆ ಕೊಟ್ಟಾಯ್ತಲ್ಲ, ಮನೆಗೆ ಹೋಗ್ಲಿ" ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಮಾರನೆಯ ಬೆಳಿಗ್ಗೆ ದೊಡ್ಡಮ್ಮ ಹೊರಟಾಗ ನೀನು ಅವಳ ಕೈ ಹಿಡಿದು "ನಾನೂ ಬರ್ತೀನಿ" ಎಂದೆ. ಯಾಕೆಂದು ಅಮ್ಮನಿಗೆ ಸಾಯುವತನಕ ಗೊತ್ತಾಗಲಿಲ್ಲ. ನನಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ನಿನ್ನ ಕೊನೆಯ ಅಳತೆ ಅದೇ.

ಗುಬ್ಬಿಯನ್ನು ಕರೆದುಕೊಂಡು ಹೋಗಲು ಬರಬೇಡ. ಇರಲು ಬಾ, ಅಕ್ಕಾ. ನಿನಗೊಂದು ಅಂಗಿ ಹೊಲಿಯಬೇಕು. ಬಂದು ಬಾಗಿಲಲ್ಲಿ ನಿಂತುಕೋ, ಸಾಕು. ಟೇಪು ಹಿಡಿಯುವುದಿಲ್ಲ.